ಕುರ್ಚಿಯ ಬೆನ್ನಿಗೆ ಕೆಮ್ಮಣ್ಣಿನ ಗುರುತು

ಪಕ್ಕದ ಹಳ್ಳಿ ಸಗರದ ಅಂಬವ್ವ ನಮ್ಮ ಅಂಗಡಿಗೆ ಬಂದಾಗ ಮೊದಲು ಆಡುವ ಮಾತು, "ಇವತ್ತ ಏನೂ ತಗೊಳ್ಳೂದಿಲ್ಲ ಸಾವಕಾರ್ರ, ಸುಮ್ಮ ನೆಳ್ಳಿಗಿ ಕುಂತೀನಿ" ಎಂಬುದು. ಕುಳಿತವಳ ಕಣ್ಣು ಮಾತ್ರ ಹಗ್ಗದ ಮೇಲೆ. ದರ ಕೇಳುತ್ತಾಳೆ. ಕೇಳಿದ ದರಕ್ಕೆ ಎದೆಯ ಮೇಲೆ ಕೈ ಇಟ್ಟುಕೊಂಡು, ಯಾರೋ ಹತ್ತಿರದವರು ತೀರಿಕೊಂಡ ಸುದ್ದಿ ಬಂದಂತೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಾಳೆ. ಆಮೇಲೆ ಎದ್ದು ಬಾಗಿಲವರೆಗೂ ಹೋಗಿ, ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಅಲ್ಲೇ ನಿಲ್ಲುತ್ತಾಳೆ. ನಾನು ಕರೆಯುವುದಿಲ್ಲ. ಅವಳೂ ಹೋಗುವುದಿಲ್ಲ. ಇಬ್ಬರಿಗೂ ಬೇಸರ ಬಂದ ಮೇಲೆ ವ್ಯಾಪಾರ ಕುದುರುತ್ತದೆ.

ಅಂಗಡಿ ಇರುವುದು ಶಹಾಪುರದಲ್ಲಿ, ಒಂದು ದನದ ದವಾಖಾನೆಯ ಎದುರಿಗೆ. ಹಿಂಡಿ, ಬೂಸಾ, ಕಲ್ಲುಪ್ಪು, ಹಗ್ಗ, ಕೊರಳ ಗಂಟೆ ನಮ್ಮ ಸರಕು. ಎದುರಿನ ಬಾಗಿಲಿಗೆ ಜಡ್ಡಿನ ದನ ಬರಬೇಕು, ನನ್ನ ಬಾಗಿಲಿಗೆ ಗುಣವಾದ ದನದ ಮಾಲೀಕ ಬರಬೇಕು. ಡಾಕ್ಟರ ಕೈಗುಣ ಕೆಟ್ಟರೆ ನನ್ನ ವ್ಯಾಪಾರವೂ ಕೆಟ್ಟಿತು. ಹೀಗಾಗಿ ಅಲ್ಲಿ ಏನು ನಡೆದರೂ ನನ್ನ ಕಣ್ಣಿಗೆ ಬೀಳದೆ ಇರುವುದಿಲ್ಲ. ಕಣ್ಣಿಗೆ ಬೀಳದ್ದನ್ನು ಪಕ್ಕದ ಚಹಾದಂಗಡಿಯ ಯೂನುಸ ಬಂದು ಹೇಳುತ್ತಾನೆ, ಕೇಳದಿದ್ದರೂ.

ಅಂಬವ್ವನದು ಕುರಿ ಸಾಕುವ ಮನೆತನ. ಗಂಡ ಭಗವಂತರಾಯ ವರ್ಷದಲ್ಲಿ ಅರ್ಧ ಹಿಂಡಿನ ಹಿಂದೆಯೇ ಇರುತ್ತಾನೆ. ಸುಗ್ಗಿ ಮುಗಿದ ಮೇಲೆ ಹುಣಸಗಿ ಕಡೆಯ ಕಾಲುವೆ ಹೊಲಗಳಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಿ, ಗೊಬ್ಬರಕ್ಕೆ ಬದಲಾಗಿ ಜೋಳ ತರುತ್ತಾನೆ. ಅವನಿಗೆ ಮಾತು ಕಡಿಮೆ. ಅವನ ಪಾಲಿನದನ್ನೂ ಹೆಂಡತಿಯೇ ಆಡಿ ಮುಗಿಸುವುದರಿಂದ ಯಾರಿಗೂ ನಷ್ಟವಾಗಿಲ್ಲ.

ಇವರ ಮಗ ಮರಿಲಿಂಗ ನಮ್ಮೆದುರಿನ ದವಾಖಾನೆಯಲ್ಲಿ ಡಿ ಗ್ರೂಪ್ ನೌಕರ. ದನ ಹಿಡಿಯುವುದು, ಔಷಧಿ ಕುಡಿಸುವುದು, ಬಂದವರಿಗೆ ಚೀಟಿ ಬರೆದುಕೊಡುವುದು ಅವನ ಕೆಲಸ. ಔಷಧಿ ಕೋಣೆಯ ಬಾಗಿಲಲ್ಲಿ ಅವನಿಗೊಂದು ಕಟ್ಟಿಗೆಯ ಕುರ್ಚಿ. ಅದರ ಒಂದು ಕಾಲು ಗಿಡ್ಡ. ಕುಳಿತವರು ಕೆಮ್ಮಿದರೆ ಕುರ್ಚಿಯೂ ಹೊಯ್ದಾಡುತ್ತದೆ. ಅಂಬವ್ವನ ಲೆಕ್ಕದಲ್ಲಿ ಮಾತ್ರ ಅದು ಸುರಪುರದ ಅರಸರ ಗಾದಿಗಿಂತ ಒಂದು ಗೇಣು ಮೇಲೆಯೇ.

"ನಮ್ಮ ವಂಶದಾಗ ತಿಂಗಳಾ ತಿಂಗಳಾ ಮರಿ ಹಾಕೋ ಕುರಿ ಅಂದ್ರ ಇದೊಂದ ನೋಡ್ರಿ" ಎಂದು ಆ ನೌಕರಿಯನ್ನು ಹೊಗಳುವಳು. "ಮಳಿ ಬರ್ಲಿ ಬಿಡ್ಲಿ, ಒಂದನೇ ತಾರೀಖಿಗಿ ಒಂದು ಮರಿ."

ಮರಿಲಿಂಗ ಇನ್ನೊಂದು ಕೆಲಸವನ್ನೂ ಮೈಮೇಲೆ ಹಾಕಿಕೊಂಡಿದ್ದ. ಟೆರಿಟೋರಿಯಲ್ ಆರ್ಮಿ ಎಂದು ಒಂದಿದೆ. ವರ್ಷವೆಲ್ಲ ತಮ್ಮ ತಮ್ಮ ನೌಕರಿ ಮಾಡಿಕೊಂಡಿದ್ದು, ವರ್ಷಕ್ಕೊಮ್ಮೆ ತರಬೇತಿಗೆ ಹೋಗಿ ಬಂದು, ದೇಶಕ್ಕೆ ಬೇಕೆನಿಸಿ ಕರೆದಾಗ ಸಮವಸ್ತ್ರ ತೊಟ್ಟು ನಿಲ್ಲುವ ಮಂದಿಯ ಸೇನೆ ಅದು. ಬೆಳಗಾವಿಯಲ್ಲಿ ಭರ್ತಿ ನಡೆದಾಗ ಗೆಳೆಯನಿಗೆ ಜೊತೆಯಾಗಲೆಂದು ಹೋದವನು ಓಟದಲ್ಲಿ ಎಲ್ಲರಿಗಿಂತ ಮುಂದೆ ಬಂದುಬಿಟ್ಟ. ಸಣ್ಣಂದಿನಿಂದ ಕುರಿಯ ಹಿಂದೆ ಓಡಿದ ಕಾಲು. ಗೆಳೆಯ ವಾಪಸು ಬಂದ, ಇವನು ಸಿಪಾಯಿಯಾದ.

ವರ್ಷದ ತರಬೇತಿಗೆ ಅವನು ಹೋದಾಗಲೆಲ್ಲ ಅಂಬವ್ವ ಅಷ್ಟಾಗಿ ತಲೆ ಕೆಡಿಸಿಕೊಂಡವಳಲ್ಲ. "ಸೋದರಮಾವನ ಊರಿಗಿ ಹೋದಂಗ ಹೋಗ್ಯಾನ, ಬರ್ತಾನ" ಎಂದುಬಿಡುತ್ತಿದ್ದಳು. ಆದರೆ ಹೋದ ಬೇಸಿಗೆಯಲ್ಲಿ ಗಡಿಯ ಕಡೆ ಗದ್ದಲ ಎದ್ದು, ಊರಿಗೆ ಊರೇ ಟಿವಿಯ ಮುಂದೆ ಕೂತಿದ್ದಾಗ ಬಂದ ಕರೆ ಬೇರೆಯದು. ಹುಕುಂ ಇರುವ ತನಕ ಅಲ್ಲಿಯೇ ಇರಬೇಕು, ವಾಪಸು ಯಾವಾಗ ಎಂಬುದು ಯಾರಿಗೂ ಗೊತ್ತಿಲ್ಲ. ಮರಿಲಿಂಗ ದವಾಖಾನೆಗೆ ತಿಳಿಸಿ, ಹೆಂಡತಿ ಭಾರತಿಗೆ ಧೈರ್ಯ ಹೇಳಿ ಯಾದಗಿರಿಯಲ್ಲಿ ರೈಲು ಹತ್ತಿದ.

ಮುಂದಿನ ಸಂತೆಗೆ ಅಂಬವ್ವ ಬಂದು ಹಿಂಡಿಯ ಚೀಲದ ಮೇಲೆ ಕುಳಿತಳು. ಏನೂ ಕೊಳ್ಳುವುದಿಲ್ಲವೆಂದು ಹೇಳುವುದನ್ನೂ ಮರೆತಿದ್ದಳು.

"ಫೋನ್ ಬಂದಿತ್ತೇನವ್ವಾ?" ಎಂದೆ.

"ಬಂದಿತ್ತರಿ. ಯಾವುದೋ ರೈಲಿನ ಸೇತುವಿ ಕಾಯಾಕ ಹಚ್ಚ್ಯಾರಂತ. ಸೇತುವಿ ಕಾಯಾಕ ಅಷ್ಟು ದೂರ ಹೋಗಬೇಕೇನ್ರಿ? ನಮ್ಮ ಕೃಷ್ಣಾ ಮ್ಯಾಲ ಸೇತುವಿ ಇಲ್ಲೇನು? ಇಲ್ಲೇ ಕಾದಿದ್ರ ಮಧ್ಯಾಹ್ನ ರೊಟ್ಟಿನರೆ ಒಯ್ದು ಕೊಡ್ತಿದ್ದಿನಿ."

"ಕೈಯಾಗ ಬಂದೂಕ ಕೊಟ್ಟಿರಬೇಕಲ್ಲ?" ಎಂದು ಯೂನುಸ ಚಹಾದ ಗ್ಲಾಸು ಇಡುತ್ತ ಬಾಯಿ ಹಾಕಿದ.

"ಕಲ್ಲುಪ್ಪು ಹೆಂಗ್ ಕೊಟ್ಟೀರಿ ಸಾವಕಾರ್ರ?" ಎಂದಳು ಅಂಬವ್ವ.

ಆಮೇಲೂ ಬಹಳ ಸಲ ನೋಡಿದೆ. ಬಂದೂಕಿನ ಮಾತು ಬಂದಿತೋ, ಅವಳು ಉಪ್ಪಿನ ದರ ಕೇಳುತ್ತಿದ್ದಳು. ಆ ವರ್ಷ ನಮ್ಮ ಅಂಗಡಿಯ ಉಪ್ಪಿನ ದರ ಅವಳಷ್ಟು ಸಲ ಕೇಳಿದವರು ಯಾರೂ ಇಲ್ಲ. ಕೊಂಡದ್ದು ಮಾತ್ರ ಎಂದಿನಷ್ಟೇ.

ಚಹಾ ಕುಡಿದು ಅವಳು ಎದುರಿನ ಬಾಗಿಲು ನೋಡಿದಳು. ಔಷಧಿ ಕೋಣೆಯ ಮುಂದೆ, ಆ ಕುರ್ಚಿಯಲ್ಲಿ, ಒಬ್ಬ ತೆಳ್ಳಗಿನ ಹುಡುಗ ಕುಳಿತು ಚೀಟಿ ಬರೆಯುತ್ತಿದ್ದ.

"ಅಂವ ಯಾರ್ರಿ?"

"ಬಸವಂತ ಅಂತ. ಹುಣಸಗಿ ಆಚೆ ಹೊಳಿ ದಂಡಿಯವ. ಮರಿಲಿಂಗ ಬರೂತನಕ ಹೊರಗುತ್ತಿಗಿ ಮ್ಯಾಲ ತಗೊಂಡಾರ."

ಅಂಬವ್ವನ ಮುಖ ನೋಡಿದೆ. ಹಗ್ಗದ ದರ ಕೇಳಿದಾಗಿನ ಮುಖವಲ್ಲ. ನಿಜವಾಗಿಯೂ ಏನೋ ಕೈಬಿಟ್ಟು ಹೋಗುತ್ತಿದೆ ಎನ್ನುವ ಮುಖ. "ಹಂಗಂದ್ರ ಪಾಲಿಗಿ ಬಿಟ್ಟಂಗಾತು" ಎಂದಳು.

ಈ ಮಾತು ಕುರಿಯವರಿಗೆ ತಕ್ಷಣ ತಿಳಿಯುತ್ತದೆ, ಉಳಿದವರಿಗೆ ಹೇಳಬೇಕು. ಮನೆಯಲ್ಲಿ ಮೇಯಿಸುವ ಗಂಡಸು ಇಲ್ಲದಾಗ ಅವರು ತಮ್ಮ ಕುರಿಗಳನ್ನು ಇನ್ನೊಬ್ಬರ ಹಿಂಡಿನಲ್ಲಿ ಪಾಲಿಗೆ ಬಿಡುತ್ತಾರೆ. ತಾಯಿಕುರಿ ಮಾಲೀಕನದೇ, ಹುಟ್ಟಿದ ಮರಿಯಲ್ಲಿ ಅರ್ಧ ಮೇಯಿಸಿದವನದು. ಆದರೆ ಮಾಲೀಕ ಆಗಾಗ ಹೋಗಿ ನೋಡಿಕೊಂಡು ಬರಬೇಕು, ಮೈಮೇಲಿನ ಗುರುತು ಮಾಸಿದ್ದರೆ ಮತ್ತೆ ಹಾಕಬೇಕು. ಹೋಗದೆ ಕುಳಿತರೆ ಒಂದು ದಿನ ಕುರಿ ಯಾರದೆಂಬ ತಂಟೆಗೆ ಪಂಚರು ಕೂಡಬೇಕಾಗುತ್ತದೆ. ಅಷ್ಟು ಹೊತ್ತಿಗೆ ಕುರಿಗೂ ಮೇಯಿಸಿದವನ ರೂಢಿ ಬಿದ್ದು ಅದು ಅವನ ದನಿಗೇ ಬರುತ್ತಿರುತ್ತದೆ. ಪಂಚರು ಅದನ್ನೂ ನೋಡುತ್ತಾರೆ.

ಅಂಬವ್ವನ ಲೆಕ್ಕ ಹೀಗೆ: ನೌಕರಿ ತಾಯಿಕುರಿ, ಪಗಾರ ಮರಿ, ಮೇಯಿಸುವವ ಬಸವಂತ. ಆ ತಿಂಗಳ ಪಗಾರ ಮನೆಯ ಖಾತೆಗೆ ಬರಲಿಲ್ಲ. ಅದಕ್ಕಿಂತ ದೊಡ್ಡ ರುಜುವಾತು ಅವಳಿಗೆ ಬೇಕಿರಲಿಲ್ಲ.

ಒಂದು ಸಂತೆಯ ದಿನ ನೇರವಾಗಿ ದವಾಖಾನೆಗೆ ನಡೆದಳು. ಬಾಗಿಲು ತೆರೆದೇ ಇದ್ದದ್ದರಿಂದ, ಅವಳ ದನಿ ಬಾಗಿಲು ಹಾಕಿದ್ದರೂ ಕೇಳುವಂಥದ್ದಾದ್ದರಿಂದ, ನನಗೆ ಎದ್ದು ಹೋಗುವ ತಸದಿ ಬರಲಿಲ್ಲ.

"ತಮ್ಮಾ, ನೀ ಬಸವಂತ ಹೌದಲ್ಲೋ?"

"ಹೌದ್ರಿ ಅವ್ವಾ. ಎಮ್ಮಿ ಎಲ್ಲಿ ಅದ?"

"ಎಮ್ಮಿ ಅಲ್ಲ, ನಾ ಮರಿಲಿಂಗನ ಅವ್ವ. ನೋಡು, ನಾ ಜಗಳಕ್ಕ ಬಂದಿಲ್ಲ. ಮೇಸಾಕತ್ತಿ, ಅರ್ಧ ನಿಂದು, ಅದಕ್ಕ ನಾ ಬ್ಯಾಡ ಅನ್ನೂದಿಲ್ಲ. ಉಳಿದ ಅರ್ಧ ಕೊಡು."

"ಏನ್ ಮೇಸಾಕತ್ತೀನ್ರಿ?"

"ನೌಕರಿ."

ಬಸವಂತ ಪೆನ್ನು ಕೆಳಗಿಟ್ಟ. ಎಮ್ಮೆ ಹಿಡಿದುಕೊಂಡು ನಿಂತಿದ್ದವರು ಎಮ್ಮೆಯನ್ನು ಮರೆತರು.

"ಯವ್ವಾ, ನಿನ್ನ ಮಗನ ಪಗಾರ ನಾ ಯಾಕ ತಗೊಳ್ಳಲಿ? ನನ್ನ ಏಜೆನ್ಸಿಯಾಂವ ನನ್ನದ ಇನ್ನೂ ಕೊಟ್ಟಿಲ್ಲ. ಯೂನುಸಣ್ಣನ ಅಂಗಡ್ಯಾಗ ಚಹಾದ ಉದ್ರಿ ಎಷ್ಟಾಗ್ಯಾದ ಕೇಳು."

"ಕೇಳಬ್ಯಾಡ್ರಿ, ನನಗ ಅಳು ಬರ್ತದ" ಎಂದು ಯೂನುಸ ರಸ್ತೆಯ ಈಚೆಯಿಂದಲೇ ಸಾಕ್ಷಿ ಹೇಳಿದ.

ಗದ್ದಲಕ್ಕೆ ಒಳಗಿನಿಂದ ಸಾಯಬಮ್ಮ ಮೇಡಂ ಬಂದರು. ದವಾಖಾನೆಯ ಕ್ಲಾರ್ಕ್. ಬೋನಾಳದವರು, ಅಲ್ಲಿನ ಕೆರೆಯ ಸಾವಿರಾರು ಹಕ್ಕಿಗಳ ಕೂಗು ಕೇಳುತ್ತ ಬೆಳೆದವರಾದ್ದರಿಂದ ಗದ್ದಲಕ್ಕೆ ಹೆದರುವವರಲ್ಲ. ಅಂಬವ್ವನನ್ನು ಒಳಗೆ ಕರೆದು ಬೆಂಚಿನ ಮೇಲೆ ಕೂಡಿಸಿ ನೀರು ಕೊಟ್ಟರು.

"ಅಂಬವ್ವಾ, ಸೇನಾದಾಗ ಇರೂತನಕ ಪಗಾರ ಸೇನಾದವರು ಕೊಡ್ತಾರ. ಅಲ್ಲೇ ಹೊಸಾ ಖಾತಿ ತಗದಿರ್ತಾರ, ಅದಕ್ಕ ಬೀಳ್ತದ. ಅದು ಇಲ್ಲಿ ಪಗಾರಕ್ಕಿಂತ ಕಡಿಮಿ ಆತಂದ್ರ, ಕಡಿಮಿ ಆದಷ್ಟು ನಮ್ಮ ಇಲಾಖೆ ತುಂಬಿ ಕೊಡ್ತದ. ನಿನ್ನ ಮಗಗ ಒಂದು ಪೈಸಾ ಲುಕ್ಸಾನಿಲ್ಲ."

"ಮತ್ತ ಈ ಹುಡುಗಗ ಏನು?"

"ಅವನಿಗಿ ಅವನ ಕೂಲಿ. ಬ್ಯಾರೆ ಲೆಕ್ಕ."

ಅಂಬವ್ವ ಯೋಚಿಸಿದಳು. "ಹಂಗಂದ್ರ ಪಾಲಿನಾಂವ ಅಲ್ಲ. ಕೂಲಿಗಿ ಕಾಯಾಂವ. ಕೂಲಿಯವನಿಗಿ ಮರಿ ಇಲ್ಲ."

"ಹಂಗ ಅಂತ ತಿಳ್ಕೋ."

"ಮಗ ಬಂದ ಮ್ಯಾಲ ನೌಕರಿ ಅವಂಗ ಕೊಡ್ತೀರಿ?"

"ಕಾಯದಾ ಅದವ್ವ. ಕರೆ ಬಂದು ಹೋದವರ ಜಾಗಾ ಅವರದ. ಬಂದ ದಿನ ಹಾಜರಾತಿ ಹಾಕಿ ಕುಂದ್ರೂದು."

"ಕಾಯದಾ ನೀವು ಕಂಡೀರಿ?"

"ಓದೀನಿ."

"ಓದೋದು ಬ್ಯಾರೆ, ಕಾಣೋದು ಬ್ಯಾರೆ" ಎಂದು ಅಂಬವ್ವ ನೀರಿನ ಗ್ಲಾಸು ಬೋರಲು ಹಾಕಿ ಎದ್ದಳು.

ಪಗಾರದ ಮಾತು ಅಲ್ಲಿಗೆ ಬಗೆಹರಿಯಿತು. ಮುಂದೆ ಮರಿಲಿಂಗ ಹೊಸ ಖಾತೆಯಿಂದ ಮನೆಗೆ ಹಣ ಹಾಕಿದ, ಸಾಯಬಮ್ಮ ಹೇಳಿದ್ದೇ ಸರಿಯಾಯಿತು. ಆದರೆ ಮರಿ ಸಿಕ್ಕರೇನು, ತಾಯಿಕುರಿಯ ಗತಿ ಏನು? ಅಂಬವ್ವನಿಗೆ ಈಗ ಒಂದೇ ಚಿಂತೆ. ಮಗ ವಾಪಸು ಬರುವ ಹೊತ್ತಿಗೆ ಆ ಕುರ್ಚಿ ಅವನದಾಗಿಯೇ ಇರುತ್ತದೆಯೇ?

ಹಾಗಾಗಿ ಪ್ರತಿ ಸಂತೆಗೂ ಬಂದು ದವಾಖಾನೆಯ ಬೆಂಚಿನ ಮೇಲೆ ಕುಳಿತು ಕಾವಲು ಮಾಡಿದಳು. ಬಸವಂತ ಕೆಲಸದಲ್ಲಿ ಚುರುಕಾದಷ್ಟೂ ಅವಳು ಬೆಂಚನ್ನು ಕುರ್ಚಿಯ ಸಮೀಪಕ್ಕೆ ಎಳೆದುಕೊಳ್ಳುವಳು. ಆಕಳು ಒದ್ದು ಅವನು ಬಿದ್ದರೆ ಅವಳಿಗೆ ಒಳಗೊಳಗೇ ಸಮಾಧಾನ. ಎದ್ದು ಮತ್ತೆ ಹಿಡಿದರೆ ನಿಟ್ಟುಸಿರು. ಒಂದು ದಿನ ನನ್ನ ಬಳಿ ಬಂದು ಕಿವಿಯಲ್ಲಿ ಹೇಳಿದಳು:

"ಸಾವಕಾರ್ರ, ಮಂದಿ ಅವನಿಗಿ 'ಬಸವಂತಣ್ಣ' ಅನ್ನಾಕ ಹತ್ಯಾರ."

"ಅಂದ್ರೇನಾತವ್ವ?"

"ಅವನ ದನಿಗಿ ಬರಾಕ ಹತ್ತಿದ್ರು ಅಂತ."

ಅದರ ಮುಂದಿನ ಸಂತೆಗೆ ಅವಳ ಸೆರಗಿನ ಗಂಟಿನಲ್ಲಿ ಕೆಮ್ಮಣ್ಣು ಇತ್ತು. ಬಸವಂತ ಹಿತ್ತಲಲ್ಲಿ ಹೋರಿಗೆ ಸೂಜಿ ಹಾಕಿಸುತ್ತಿದ್ದಾಗ, ಗ್ಲಾಸಿನ ನೀರಿನಲ್ಲಿ ಕೆಮ್ಮಣ್ಣು ಕಲಸಿ, ಕುರ್ಚಿಯ ಬೆನ್ನಿಗೆ ಎರಡು ಓರೆ ಗೆರೆ, ಒಂದು ಚುಕ್ಕೆ ಎಳೆದಳು. ಅದು ಅವರ ಹಿಂಡಿನ ಗುರುತು. ಸಗರದಿಂದ ಹುಣಸಗಿಯ ತನಕ ಯಾವ ಕುರಿಯವನಿಗೆ ತೋರಿಸಿದರೂ ಇದು ಭಗವಂತರಾಯನ ಮಾಲು ಎನ್ನುತ್ತಾನೆ.

ಬಸವಂತ ಬಂದು ನೋಡಿ, "ಯವ್ವಾ, ಏನ್ ಮಾಡ್ದಿ ಇದು? ಸರಕಾರಿ ಕುರ್ಚಿ!" ಎಂದ.

"ಕುರಿಗಾದ್ರ ಕಿವ್ಯಾಗೂ ಗುರುತು ಹಾಕ್ತೀವಿ. ಇದಕ್ಕ ಕಿವಿ ಇಲ್ಲ, ಬೆನ್ನಿಗಷ್ಟ ಹಾಕೀನಿ. ನೀ ಕುಂದ್ರು, ನಾ ಬ್ಯಾಡ ಅನ್ನಂಗಿಲ್ಲ. ಅಳಿಸಬ್ಯಾಡ."

"ನನ್ನ ಅಂಗಿಗಿ ಹತ್ತತದ."

"ಹತ್ಲಿ. ಯಾರ ಕುರ್ಚ್ಯಾಗ ಕುಂತೀದಿ ಅಂತ ಅಂಗಿಗೂ ಗೊತ್ತಿರ್ಲಿ."

ಬಸವಂತ ನಕ್ಕ. ಹುಡುಗ ಒಳ್ಳೆಯವನು, ಬುದ್ಧಿಯೂ ಇತ್ತು. ಅಂದಿನಿಂದ ಅವನು ಬೆನ್ನು ಆನಿಸದೆ ಮುಂದಕ್ಕೆ ಬಾಗಿ ಕೂರತೊಡಗಿದ. ಡಾಕ್ಟರು ಅದನ್ನು ಶ್ರದ್ಧೆ ಎಂದು ತಿಳಿದು ಹೊಗಳಿದರು.

ಮಳೆಗಾಲದ ನಡುವೆ ಮೇಲಿನ ಸಾಹೇಬರೊಬ್ಬರು ತಪಾಸಣೆಗೆ ಬಂದರು. ಔಷಧಿ ನೋಡಿದರು, ಫ್ರಿಜ್ಜು ನೋಡಿದರು, ಕುರ್ಚಿಯ ಮುಂದೆ ಬಂದು ನಿಂತರು.

"ಏನಿದು ಗುರುತು? ಯಾವ ಯೋಜನೆಯದು?"

ಡಾಕ್ಟರು ಸಾಯಬಮ್ಮನ ಮುಖ ನೋಡಿದರು. ಸಾಯಬಮ್ಮ, "ಸರ್, ಅದು… ಕುರಿ ಅಭಿವೃದ್ಧಿಗೆ ಸಂಬಂಧಪಟ್ಟದ್ದು" ಎಂದರು. ಸುಳ್ಳೆಂದು ಹೇಳಲಾಗದು. ಸಾಹೇಬರು ಕುರ್ಚಿಯನ್ನು ಅಲುಗಾಡಿಸಿ, ಕಾಲು ಗಿಡ್ಡ ಇದೆಯೆಂದು ಕಂಡು, ಇದನ್ನು ತೆಗೆದು ಹೊಸದು ಹಾಕಿ ಎಂದು ಹೇಳಿ ಹೋದರು. ಮರುದಿನವೇ ನೀಲಿ ಬಣ್ಣದ ಪ್ಲಾಸ್ಟಿಕ್ ಕುರ್ಚಿ ಬಂತು. ಅದೇ ವಾರ ಏಜೆನ್ಸಿಯವನು ಬಸವಂತನಿಗೆ, ಪಗಾರದ ಜೊತೆಗೆ, ಕೊರಳಿಗೆ ತೂಗುಹಾಕಿಕೊಳ್ಳುವ ಗುರುತಿನ ಚೀಟಿಯನ್ನೂ ಕೊಟ್ಟ.

ಅಂಬವ್ವ ಆ ಸಂತೆಗೆ ಬಂದಳು. ದವಾಖಾನೆಯ ಹೊಸ್ತಿಲಲ್ಲಿ ನಿಂತಳು. ಗುರುತಿನ ಕುರ್ಚಿ ಇಲ್ಲ. ಬೋಳು ಬೆನ್ನಿನ ಹೊಸ ಕುರ್ಚಿ. ಅದರಲ್ಲಿ ಬಸವಂತ ಆರಾಮಾಗಿ ಒರಗಿ ಕುಳಿತಿದ್ದಾನೆ, ಕೊರಳಲ್ಲಿ ಪಟ್ಟಿ. ಅವನು ಮೇಲೆದ್ದು "ಯವ್ವಾ, ಬಾ" ಎನ್ನುವಷ್ಟರಲ್ಲಿ ಅವಳು ತಿರುಗಿ ರಸ್ತೆ ದಾಟಿ ಬಂದಿದ್ದಳು.

"ಕೊರಳಿಗಿ ಪಟ್ಟಿ ಕಟ್ಟ್ಯಾರ ಸಾವಕಾರ್ರ, ಇನ್ನ ಅಂವನ ಖಾಯಂ" ಎಂದಳು. ಅಷ್ಟೇ. ಉಪ್ಪಿನ ದರ ಕೇಳಲಿಲ್ಲ, ನೆರಳಿಗೆ ಕೂರಲಿಲ್ಲ.

ಆಮೇಲಿನ ಸಂತೆಗಳಿಗೆ ಅವಳು ಬರಲಿಲ್ಲ. ಜಗಳವಾಡುವ ಗಿರಾಕಿ ಇಲ್ಲದಿದ್ದರೆ ಅಂಗಡಿ ಸುಖವಾಗಿರುತ್ತದೆ ಎಂದು ನಾನು ತಿಳಿದಿದ್ದೆ. ಹಗ್ಗದ ದರ ಹೇಳಿದರೆ ಮಂದಿ ತೆಪ್ಪಗೆ ಕೊಟ್ಟು ಹೋಗುತ್ತಿದ್ದರು. ಇದೂ ಒಂದು ವ್ಯಾಪಾರವೇ ಎಂದು ಬೇಸರವಾಗತೊಡಗಿತು.

ಒಂದು ದಿನ ಸೊಸೆ ಭಾರತಿ ಬಂದಳು. ಪಿಯುಸಿ ಓದಿದ ಹುಡುಗಿ, ಸಾಯಬಮ್ಮ ಹೇಳಿದ್ದೆಲ್ಲ ಅವಳಿಗೆ ಅರ್ಥವಾಗಿತ್ತು. ಅತ್ತೆಗೆ ಅರ್ಥ ಮಾಡಿಸುವುದು ಪಿಯುಸಿಯಲ್ಲಿ ಇರಲಿಲ್ಲ.

"ಅತ್ತಿ ಹೆಂಗದಾಳವ್ವ?"

"ಏನ್ ಹೇಳ್ಲಿ ಮಾಮಾ. ಹೆಣ್ಣಮರಿ ಒಂದೂ ಮಾರಬ್ಯಾಡ ಅಂತ ಮಾವನವರಿಗಿ ಹೇಳ್ಯಾಳ. ನೌಕರಿ ಅಂತೂ ಹೋತು, ಮಗ ಬಂದ ಮ್ಯಾಲ ಬರೀ ಕೈಲಿ ನಿಲ್ಲಬಾರದು, ಒಂದು ಹಿಂಡರೆ ಇರ್ಲಿ ಅಂತ. ಅವಳ ತಮ್ಮ ರಾಮಲಿಂಗ ಮಾವನ ಮನ್ಯಾಗ ಮದಿವಿ ಇತ್ತು, ಅದಕ್ಕೂ ಹೋಗಲಿಲ್ಲ. 'ನಿನ್ನ ಮಗ ಎಲ್ಲಿ ನೌಕರಿ' ಅಂತ ಯಾರರೆ ಕೇಳ್ತಾರ ಅಂತ."

"ಮರಿಲಿಂಗ ಫೋನ್ ಮಾಡಿದಾಗ?"

"ಅವರು ಕೇಳ್ತಾರ, 'ಯವ್ವಾ, ನನ್ನ ಕುರ್ಚಿ ಹೆಂಗದ' ಅಂತ, ಚ್ಯಾಷ್ಟಿಗಿ. ಈಕಿ 'ಚಂದ ಅದ, ಹೋದ ವಾರ ನೋಡಿ ಬಂದೀನಿ' ಅಂತಾಳ. ಫೋನ್ ಇಟ್ಟು ಒಲಿ ಮುಂದ ಕುಂದರ್ತಾಳ. ಅಲ್ಲಿ ನಿಂತಾಂವಗ ಇಲ್ಲೀ ಚಿಂತಿ ಹಚ್ಚಬಾರದಂತ."

ಅವಳು ಕೇಳಿದ ಕಲ್ಲುಪ್ಪು ಸ್ವಲ್ಪ ಹೆಚ್ಚಿಗೆ ತೂಗಿ ಕೊಟ್ಟೆ. ಭಾರತಿಗೆ ಅದು ಗೊತ್ತಾಗಲಿಲ್ಲ. ಅಂಬವ್ವನಾದರೆ ಚೀಲ ಎತ್ತಿದ ಕೂಡಲೇ ಹಿಡಿಯುತ್ತಿದ್ದಳು. ತಕ್ಕಡಿ ಕೆಟ್ಟಿದೆಯೇನು ಎಂದು ಕೇಳುತ್ತಿದ್ದಳು.

ಶೀಗೆ ಹುಣ್ಣಿಮೆಯ ಹೊತ್ತಿಗೆ ಹುಕುಂ ಬಂತು. ಕರೆದವರನ್ನು ಮನೆಗೆ ಕಳಿಸುತ್ತಾರೆ, ಮರಿಲಿಂಗ ಹೊರಟಿದ್ದಾನೆ. ಯಾದಗಿರಿಯಲ್ಲಿ ರೈಲಿಳಿದು ಬಸ್ಸಿನಲ್ಲಿ ನೇರ ಶಹಾಪುರಕ್ಕೆ ಬಂದು, ದವಾಖಾನೆಯಲ್ಲಿ ಹಾಜರಿ ಹಾಕಿ, ಆಮೇಲೆ ಊರಿಗೆ. ತಾಯಿ, ಹೆಂಡತಿ ಇಬ್ಬರೂ ಬಸ್ಟ್ಯಾಂಡಿಗೆ ಹೋಗಿ ಕರೆತಂದರು. ಹುಡುಗ ಸ್ವಲ್ಪ ಕಪ್ಪಾಗಿದ್ದ, ಕೂದಲು ಗಿಡ್ಡವಾಗಿತ್ತು. ಕೈಕಾಲು ಎಲ್ಲ ಸರಿಯಾಗಿದ್ದವು. ಅಂಬವ್ವ ಬಸ್ಟ್ಯಾಂಡಿನಲ್ಲೇ ಅವನ್ನೆಲ್ಲ ಮುಟ್ಟಿ ನೋಡಿ ಮುಗಿಸಿದ್ದಳಂತೆ, ಸಂತೆಯಲ್ಲಿ ಕುರಿ ನೋಡುವ ಹಾಗೆ. ಹಲ್ಲೊಂದು ನೋಡಲಿಲ್ಲ ಎಂದು ಭಾರತಿ ಆಮೇಲೆ ನಕ್ಕಳು.

ಅಂಗಡಿಯ ತನಕ ಬಂದ ಅಂಬವ್ವ ಮುಂದೆ ಬರಲೊಲ್ಲಳು.

"ನೀ ಹೋಗಿ ಬಾ ಮಗಾ. ಅವರು ಬ್ಯಾಡ ಅಂದ್ರ ನನ್ನ ಮುಂದ ಅನ್ನೂದು ಬ್ಯಾಡ. ಮನ್ಯಾಗ ಹಿಂಡದ, ಹೆಣ್ಣಮರಿ ಎಲ್ಲಾ ಉಳಿಸೀನಿ. ಹೆದರಬ್ಯಾಡ."

"ಏನ್ ಮಾತಾಡಾಕತ್ತೀಯವ್ವಾ?" ಎಂದು ಮರಿಲಿಂಗ ನನ್ನ ಮುಖ ನೋಡಿದ. ನಾನು ಯೂನುಸನ ಮುಖ ನೋಡಿದೆ. ಯೂನುಸನಿಗೆ ಹೇಳಲು ಬಹಳ ಇತ್ತು, ಆದರೆ ಮರಿಲಿಂಗ ಕಾಯದೆ ರಸ್ತೆ ದಾಟಿದ.

ಅಂಬವ್ವ ಹಿಂಡಿಯ ಚೀಲ ಹಿಡಿದುಕೊಂಡು ನಿಂತಳು. ಎದುರಿಗೆ ಎಲ್ಲ ಕಾಣುತ್ತಿತ್ತು. ಡಾಕ್ಟರು ಹೊರಗೆ ಬಂದು ಮರಿಲಿಂಗನ ಕೈ ಕುಲುಕಿದರು. ಸಾಯಬಮ್ಮ ಹಾಜರಿ ಪುಸ್ತಕ ತಂದರು, ಅವನು ಬಗ್ಗಿ ಸಹಿ ಹಾಕಿದ. ಬಸವಂತ ನೀಲಿ ಕುರ್ಚಿಯಿಂದ ಎದ್ದು, ಅದನ್ನು ಎತ್ತಿ ಗೋಡೆಯ ಪಕ್ಕಕ್ಕೆ ಇಟ್ಟ. ಜಾಗ ಖಾಲಿಯಾಯಿತು. ಬಸವಂತ ಒಳಗೆ ಹೋದ.

"ಕುರ್ಚಿನ ತಗದ" ಎಂದಳು ಅಂಬವ್ವ. "ನೋಡ್ರಿ, ಕುಂದ್ರಾಕೂ ಬ್ಯಾಡ ಅಂತಾರ."

ಬಸವಂತ ಹೊರಬಂದಾಗ ಅವನ ಹೆಗಲ ಮೇಲೆ ಗೋಣಿತಟ್ಟು ಸುತ್ತಿದ ಏನೋ ಇತ್ತು. ತಟ್ಟಿನ ಮೇಲೆ ನಮ್ಮ ಅಂಗಡಿಯ ಹಿಂಡಿಯ ಛಾಪು; ಯಾವಾಗ ಒಯ್ದಿದ್ದನೋ, ನನ್ನನ್ನು ಕೇಳಿ ಒಯ್ದದ್ದಲ್ಲ. ಕೆಳಗಿಳಿಸಿ ತಟ್ಟು ಬಿಚ್ಚಿದ. ಹಳೆಯ ಕಟ್ಟಿಗೆಯ ಕುರ್ಚಿ. ಬೆನ್ನಿಗೆ ಎರಡು ಓರೆ ಗೆರೆ, ಒಂದು ಚುಕ್ಕೆ, ಕೆಂಪು ಚೂರೂ ಮಾಸಿರಲಿಲ್ಲ. ತೆಗೆಯಿರಿ ಎಂದಿದ್ದರು ಸಾಹೇಬರು. ಅವನು ತೆಗೆದು ಉಗ್ರಾಣದಲ್ಲಿ ಜೋಪಾನ ಮಾಡಿದ್ದ.

ಮರಿಲಿಂಗ ಗುರುತು ನೋಡಿ ಒಂದು ಗಳಿಗೆ ಬೆಪ್ಪಾದ. ಆಮೇಲೆ ಕುಳಿತ. ಕುರ್ಚಿ ಗಿಡ್ಡ ಕಾಲಿನ ಕಡೆಗೆ ಹೊಯ್ದಾಡಿತು.

"ಹೊಯ್ದಾಡ್ತು!" ಎಂದಳು ಅಂಬವ್ವ. "ಅದ ಕುರ್ಚಿ! ಭಾರತಿ, ಅದ ಹೌದ!"

ಹಿಂಡಿಯ ಚೀಲದ ಮೇಲೆ ಕುಳಿತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದ ಹಾಗೆ ಸ್ವಲ್ಪ ಹೊತ್ತು ಅಲುಗಾಡಿದಳು. ಆಮೇಲೆ ಸೆರಗು ತೆಗೆದು ಕೇಳಿದಳು: "ಅವ ಸೇತುವಿ ಮ್ಯಾಲ ಒಬ್ಬನ ನಿಂದ್ರುತಿದ್ದನಂತ್ರಿ, ಬಂದೂಕ ಹಿಡಕೊಂಡು. ಗೊತ್ತೇನು?" ಅಷ್ಟು ದಿನದಲ್ಲಿ ಆ ಶಬ್ದ ಅವಳ ಬಾಯಿಂದ ಬಂದದ್ದು ಅದೇ ಮೊದಲು.

ಸಾಯಬಮ್ಮ ಮೇಡಂ ಬಾಗಿಲಿಗೆ ಬಂದು ಕೈಬೀಸಿ ಕರೆದರು. ಈಗ ರಸ್ತೆ ದಾಟಲು ಅಂಬವ್ವನಿಗೆ ಯಾರ ಕೈಯೂ ಬೇಕಿರಲಿಲ್ಲ. ನಾನೂ ಹೋದೆ, ಗೋಣಿತಟ್ಟು ನಮ್ಮದಲ್ಲವೇ.

"ಬಾ ಅಂಬವ್ವಾ. ಈಗರೆ ಕಾಯದಾ ಕಂಡ್ಯೇನು?"

"ಕಂಡ್ನಿ ತಾಯಿ."

"ಇನ್ನೊಂದು ಕೇಳು. ಮರಿಲಿಂಗ ಅಲ್ಲಿದ್ದ ಕಾಲ ಎಲ್ಲಾ ಇಲ್ಲೇ ನೌಕರಿ ಮಾಡಿದಂಗ ಲೆಕ್ಕ. ಹಿರಿತನ ಅದ, ಪಿಂಚಣಿ ಲೆಕ್ಕಕ್ಕೂ ಬರ್ತದ. ವರ್ಷಕ್ಕೊಮ್ಮಿ ಪಗಾರ ಏರ್ತದಲ್ಲ, ಅದೂ ಅದರ ತಿಂಗಳಿಗಿ ಸರಿಯಾಗಿ ಏರ್ಯಾದ."

ಅಂಬವ್ವ ಬಾಯಿ ತೆರೆದು ನಿಂತಳು. "ಅವ ಇಲ್ಲದಾಗ?"

"ಅವ ಇಲ್ಲದಾಗ."

"ಅಂದ್ರ, ಮರಿನೂ ನಮ್ಮದು. ಕುರಿನೂ ಇದ್ದಲ್ಲೇ ಬೆಳದದ."

"ಹೌದು."

"ಮೇಸಿದಾಂವಗ?"

ಬಸವಂತ ಗೋಣಿತಟ್ಟು ಮಡಿಚುತ್ತಿದ್ದ. "ನಂದೇನ್ ಬಿಡವ್ವ. ನನ್ನನ್ನ ಹುಣಸಗಿ ಕಡೀನ ದವಾಖಾನಿಗಿ ಹಾಕ್ಯಾರ, ಅಲ್ಲೂ ಒಬ್ಬರು ಬೇಕಾಗ್ಯಾರಂತ. ನಮ್ಮೂರಿಗಿ ಸನೇಕ. ನಮ್ಮವ್ವಗೂ ಖುಷಿ ಆಗ್ಯಾದ" ಎಂದ.

ಅಂಬವ್ವ ಅವನ ಕೊರಳಿನ ಪಟ್ಟಿಯನ್ನು ಬೆರಳಲ್ಲಿ ಎತ್ತಿ ನೋಡಿದಳು, ಅದರ ಮೇಲಿನ ಅವನ ಫೋಟೋ ನೋಡಿದಳು, ಬಿಟ್ಟಳು. "ಮುಂದಿನ ಸಂತಿತನಕ ಇರ್ತಿ?" ಎಂದು ಮಾತ್ರ ಕೇಳಿದಳು.

ಮುಂದಿನ ಸಂತೆಗೆ ಅವಳು ಬರುವಾಗ ಕಂಕುಳಲ್ಲಿ ಒಂದು ಹೆಣ್ಣುಮರಿ ಇತ್ತು. ಕರಿ ಮುಖ, ಬಿಳಿ ಕಾಲು. ಮಾರದೆ ಉಳಿಸಿದ್ದರಲ್ಲಿ ಎಲ್ಲಕ್ಕಿಂತ ಚೆಂದದ್ದು ಎಂಬುದು ನೋಡಿದರೆ ತಿಳಿಯುತ್ತಿತ್ತು. ನಮ್ಮ ಅಂಗಡಿಯ ಮುಂದೆಯೇ ಬಸವಂತನ ಕೈಗೆ ಹಾಕಿದಳು.

"ತಗೋ. ಸರಕಾರದ ಲೆಕ್ಕ ಸರಕಾರಕ್ಕ. ಮೇಸಿದಾಂವ ಬರೀ ಕೈಲಿ ಹೋದ ಅಂತ ನಮ್ಮ ಮನಿಗಿ ಹೆಸರು ಬರಬಾರದು."

ಬಸವಂತನಿಗೆ ಮರಿಯನ್ನು ಹೇಗೆ ಹಿಡಿಯಬೇಕೆಂದು ದವಾಖಾನೆ ಕಲಿಸಿತ್ತು, ಹೇಗೆ ಸಾಕಬೇಕೆಂದು ಕಲಿಸಿರಲಿಲ್ಲ. "ಯವ್ವಾ, ನಮ್ಮದು ಮೀನ ಹಿಡಿಯೋ ಮನಿ. ನಮ್ಮಪ್ಪಗ ಬಲಿ ಬಿಟ್ರ ಏನೂ ಗೊತ್ತಿಲ್ಲ. ಇದನ್ನ ಒಯ್ದು ಕೊಟ್ಟೆ ಅಂದ್ರ ಹೊಳ್ಯಾಗ ಬಿಟ್ಟು, ಯಾಕ ಈಜವಲ್ದು ಅಂತಾನ."

ಯೂನುಸ ನಕ್ಕು ನಕ್ಕು ಚಹಾ ಚೆಲ್ಲಿದ. ಅಂಬವ್ವ ನಗಲಿಲ್ಲ, ಯೋಚಿಸುತ್ತಿದ್ದಳು. ಬಸವಂತನೂ ಯೋಚಿಸುತ್ತಿದ್ದ, ಅಷ್ಟು ತಿಂಗಳು ಅವಳ ಎದುರಿಗೆ ಕುಳಿತವನು, ಕಲಿಯದೆ ಇರುತ್ತಾನೆಯೇ?

"ಹಿಂಗ ಮಾಡೂಣು. ನಿನ್ನ ಹಂತೇಕ ಪಾಲಿಗಿ ಬಿಡ್ತೀನಿ" ಎಂದ. "ಹುಟ್ಟಿದ್ದರಾಗ ಅರ್ಧ ನಿಂದು."

ಅಂಬವ್ವನ ಮುಖ ಅರಳಿತು. "ಆಗಾಗ ಬಂದು ನೋಡಬೇಕ ಮತ್ತ. ಬರದ ಕುಂತು, ಆಮ್ಯಾಲ ನನ್ನ ಮರಿ ಎಲ್ಲಿ ಅಂದ್ರ ನಾ ಜವಾಬ್ದಾರಲ್ಲ. ಗುರುತು ಹಾಕು."

ಬಸವಂತ ಒಳಗೋಡಿ, ದನದ ಗಾಯಕ್ಕೆ ಹಚ್ಚುವ ನೇರಳೆ ಔಷಧಿಯನ್ನು ಕಡ್ಡಿಗೆ ಅದ್ದಿ ತಂದ. ಮರಿಲಿಂಗ ಮರಿ ಹಿಡಿದ. ಬಸವಂತ ಅದರ ಬಿಳಿ ಪಕ್ಕೆಯ ಮೇಲೆ ನಾಲಗೆ ಕಚ್ಚಿಕೊಂಡು ಏನೋ ಬರೆದ.

"ಏನೋ ಇದು?"

"ಕುರ್ಚಿ."

ಅಂಬವ್ವ ಕಣ್ಣು ಕಿರಿದು ಮಾಡಿ ನೋಡಿದಳು. "ಒಂದು ಕಾಲು ಗಿಡ್ಡ ಆಗೇತಲ್ಲೋ."

"ಆಗಲೇಬೇಕಲ್ಲವ್ವ. ಇಲ್ಲಂದ್ರ ಯಾರರೆ ಬ್ಯಾರೆ ಕುರ್ಚಿ ಅಂದಾರು."

ಇನ್ನು ಮರಿಯನ್ನು ಸಗರಕ್ಕೆ ಒಯ್ಯಲು ಹಗ್ಗ ಬೇಕಾಗಿತ್ತು. ಅಂಬವ್ವ ಒಳಗೆ ಬಂದು ಹಗ್ಗ ಎಳೆದು ನೋಡಿ ದರ ಕೇಳಿದಳು. ಹೇಳಿದೆ. ಎದೆಯ ಮೇಲೆ ಕೈ ಇಟ್ಟುಕೊಂಡು, ತೀರಿಕೊಂಡವರಿಗಾಗಿ ಎಂದಿನಷ್ಟು ಹೊತ್ತು ಸುಮ್ಮನಿದ್ದಳು. ಆಮೇಲೆ ತಿರುಗಿ ಬಸವಂತನಿಗೆ ಹೇಳಿದಳು:

"ಹಗ್ಗದ ಖರ್ಚಿನಾಗೂ ಅರ್ಧ ನಿಂದು, ತಮ್ಮಾ."